ದೇಶಕ್ಕೆ ನೋವಾಗುವುದೆ?

ಯುದ್ಧದಲ್ಲಿ ಹಸಿಯುವವರು, ಗಾಯಗೊಳ್ಳುವವರು, ಮಕ್ಕಳನ್ನು ಮಣ್ಣಿಗಿಡುವವರು ಮನುಷ್ಯರು. ದೇಶವೆಂಬುದಕ್ಕೆ ಹೊಟ್ಟೆಯಿಲ್ಲ, ಕರುಳಿಲ್ಲ, ಕಣ್ಣಿಲ್ಲ. ಆದರೂ ಕವಿಗಳೂ ನಾಟಕಕಾರರೂ ಪುರಾತನಕಾಲದಿಂದ ದೇಶವನ್ನೂ ನಗರವನ್ನೂ ವ್ಯಕ್ತಿಯಾಗಿ, ಬಹುಮಟ್ಟಿಗೆ ಸ್ತ್ರೀಯಾಗಿ, ಭಾವಿಸಿ, ಆ ಕಲ್ಪಿತ ವ್ಯಕ್ತಿಯ ಬಾಯಿಂದ ಸಮರದ ಸಂಕಟವನ್ನು ನುಡಿಸುತ್ತ ಬಂದಿದ್ದಾರೆ. ಈ ಕಲ್ಪನೆ ಸತ್ಯವನ್ನು ಕಾಣಿಸುತ್ತದೆಯೋ ಮರೆಸುತ್ತದೆಯೋ ಎಂಬುದು ಕೇವಲ ಅಲಂಕಾರಶಾಸ್ತ್ರದ ಪ್ರಶ್ನೆಯಲ್ಲ. ನೋವು ಯಾರದು, ಪಾಪ ಯಾರದು ಎಂಬ ಧರ್ಮಜಿಜ್ಞಾಸೆಯೇ ಅದರೊಳಗಿದೆ.

ಪತ್ನಿ ಯೆಹೂದ್ಯಳೆಂಬ ಕಾರಣಕ್ಕೆ 1937ರಲ್ಲಿ ಪ್ರಾಧ್ಯಾಪಕಪದವಿಯನ್ನು ಕಳೆದುಕೊಂಡಿದ್ದ ಜರ್ಮನಿಯ ದಾರ್ಶನಿಕ ಕಾರ್ಲ್ ಯಾಸ್ಪರ್ಸ್, ಮಹಾಯುದ್ಧ ಮುಗಿದೊಡನೆ ತನ್ನ ದೇಶದ ಅಪರಾಧವನ್ನು ವಿಚಾರಮಾಡಿ 1946ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಾಗರಿಕರೆಲ್ಲರೂ ರಾಜ್ಯದ ಕೃತ್ಯಗಳಿಗೆ ಹೊಣೆ ಹೊರಲೇಬೇಕೆಂದು ಹೇಳಿದನು. ಆದರೆ ಒಂದು ಜನಾಂಗವನ್ನು ಒಬ್ಬ ವ್ಯಕ್ತಿಯೆಂದು ಎಣಿಸುವುದನ್ನು ಮಾತ್ರ ಒಪ್ಪಲಿಲ್ಲ. ಧರ್ಮಾಧರ್ಮಗಳ ಕರ್ತೃತ್ವ ಒಬ್ಬೊಬ್ಬ ಮನುಷ್ಯನದು ಎಂಬುದು ಅವನ ನಿಲುವು. ಇದು ನ್ಯಾಯವಾದ ಎಚ್ಚರಿಕೆ. ಆದರೆ ಯಾವ ಒಬ್ಬನ ಬಾಯಿಗೂ ಹಿಡಿಯದಷ್ಟು ದೊಡ್ಡದಾದ ದುಃಖವೂ ಲೋಕದಲ್ಲುಂಟು. ಆ ದುಃಖ ಯಾವ ಬಾಯಿಂದ ಮಾತನಾಡಬೇಕು?

ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬಿಲೋನಿನ ದೊರೆ ನೆಬೂಕದ್ನೆಚ್ಚರನ ಸೈನ್ಯವು ಯೆರೂಸಲೇಮನ್ನು ಸುಟ್ಟು ದೇವಾಲಯವನ್ನು ಕೆಡವಿದ ಮೇಲೆ ಹುಟ್ಟಿದ ‘ಪ್ರಲಾಪಗಳು’ ಎಂಬ ಹೀಬ್ರೂ ಗ್ರಂಥವು ಈ ಪ್ರಶ್ನೆಗೆ ಕೊಟ್ಟ ಉತ್ತರದಷ್ಟು ಗಂಭೀರವಾದುದನ್ನು ನಾನು ಬೇರೆಲ್ಲೂ ಕಾಣೆ. ಅದರ ಐದು ಅಧ್ಯಾಯಗಳಲ್ಲಿ ಮೊದಲಿನ ನಾಲ್ಕು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮವನ್ನು ಹಿಡಿದು ಸಾಗುತ್ತವೆ. ಎಲ್ಲ ವ್ಯವಸ್ಥೆಯೂ ಕುಸಿದುಬಿದ್ದ ಹೊತ್ತಿನಲ್ಲಿ ಅಕ್ಷರಗಳ ವ್ಯವಸ್ಥೆಯೊಂದನ್ನಾದರೂ ಕವಿ ಬಿಡಲಿಲ್ಲ. ನಗರಿ ಅಲ್ಲಿ ವಿಧವೆಯಾಗಿ ಕುಳಿತಿದ್ದಾಳೆ; ಸಂತೈಸುವವರಾರೂ ಇಲ್ಲವೆಂಬ ಮಾತು ಮೊದಲ ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಅವಳು ತನ್ನ ದ್ರೋಹವನ್ನು ತಾನೇ ಒಪ್ಪಿಕೊಳ್ಳುತ್ತಾಳೆ. ಒಪ್ಪಿಕೊಂಡವಳೇ, ಹಸಿವಿನಿಂದ ತಾಯಂದಿರು ಹೆತ್ತ ಮಕ್ಕಳನ್ನೇ ತಿನ್ನುವ ಗತಿ ಯಾರಿಗಾದರೂ ಬರಬಹುದೆ ಎಂದು ದೇವರನ್ನು ನೇರವಾಗಿ ಕೇಳುತ್ತಾಳೆ. ಗ್ರಂಥದಲ್ಲಿ ಎಲ್ಲಿಯೂ ದೇವರು ತಾನಾಗಿ ಮಾತಾಡುವುದಿಲ್ಲ. ಪಾಪಪ್ರಜ್ಞೆಯೂ ಪ್ರತಿಭಟನೆಯೂ ಒಂದೇ ಕಂಠದಲ್ಲಿ ಕೂಡಿ ನಿಲ್ಲಬಲ್ಲವೆಂಬುದು, ಶಿಕ್ಷೆ ಅರ್ಹವಾಗಿದ್ದರೂ ಅದಕ್ಕೊಂದು ಮಿತಿಯಿರಬೇಕೆಂದು ವಾದಿಸುವ ಅಧಿಕಾರ ಪೆಟ್ಟು ತಿಂದವನಿಗೆ ಉಂಟೆಂಬುದು, ಧರ್ಮಚಿಂತನೆಗೆ ಆ ಕವಿ ಕೊಟ್ಟ ಮಹತ್ತಾದ ಕಾಣಿಕೆ.

ಇನ್ನೂ ಸೂಕ್ಷ್ಮವಾದ ಸಂಗತಿ ಕೊನೆಯ ಅಧ್ಯಾಯದಲ್ಲಿದೆ. ಅಲ್ಲಿ ನಗರಿಯ ಕಂಠವಿಲ್ಲ. ‘ನಾವು’ ಎಂಬ ಜನರ ಕಂಠವಿದೆ. ಕುಡಿಯುವ ನೀರನ್ನು ಹಣ ಕೊಟ್ಟು ಕೊಳ್ಳುತ್ತಿರುವವರು, ತಂದೆಯಿಲ್ಲದವರು, ಮಾನಭಂಗಕ್ಕೊಳಗಾದ ಸ್ತ್ರೀಯರು, ಕಟ್ಟಿಗೆಯ ಹೊರೆಯಡಿ ತತ್ತರಿಸುವ ಹುಡುಗರು ಮುಂದೆ ಬರುತ್ತಾರೆ. ಮಣ್ಣಿನ ಮೂರ್ತಿಯಲ್ಲಿ ದೇವರನ್ನು ಆವಾಹನೆಮಾಡಿ ಪೂಜೆ ಮುಗಿದಮೇಲೆ ನೀರಿಗೆ ಬಿಡುವ ನಮ್ಮ ಜನಕ್ಕೆ ಇದರ ಅರ್ಥ ಸುಲಭವಾಗಿ ತಿಳಿಯಬೇಕು: ಆಕೃತಿ ಬೇಕು, ಆದರೆ ಅದನ್ನು ವಿಸರ್ಜಿಸುವ ಹೊತ್ತನ್ನೂ ಅರಿತಿರಬೇಕು.

ವಿಸರ್ಜನೆಯಿಲ್ಲದ ಆಕೃತಿ ಏನಾಗುತ್ತದೆಂಬುದಕ್ಕೆ ಪೋಲೆಂಡು ನಿದರ್ಶನ. ರಷ್ಯ, ಪ್ರಷ್ಯ, ಆಸ್ಟ್ರಿಯಗಳು 1772ರಿಂದ 1795ರೊಳಗೆ ಹಂತಹಂತವಾಗಿ ಆ ದೇಶವನ್ನು ಹಂಚಿಕೊಂಡು ಭೂಪಟದಿಂದಲೇ ಅಳಿಸಿದವು. 1830ರ ಬಂಡಾಯವೂ ದಮನಗೊಂಡ ಮೇಲೆ, ಕವಿ ಆಡಂ ಮಿಟ್ಸ್ಕೆವಿಚ್ 1832ರಲ್ಲಿ ಡ್ರೆಸ್ಡೆನ್ನಿನಲ್ಲಿ ಬರೆದ ‘ಜ್ಯಾದಿ’ ನಾಟಕದ ಮೂರನೆಯ ಭಾಗದಲ್ಲಿ, ಪಾದ್ರಿಯೊಬ್ಬನ ದರ್ಶನದಲ್ಲಿ ತಾಯ್ನಾಡು ಕ್ರಿಸ್ತನಂತೆ ಶಿಲುಬೆಗೇರುತ್ತದೆ. ಅಂಥ ನಿರಾಶೆಯಲ್ಲಿ ಪುನರುತ್ಥಾನದ ಭರವಸೆ ಕೊಟ್ಟ ಕವಿಯನ್ನು ಯಾರು ತಾನೆ ಆಕ್ಷೇಪಿಸಿಯಾರು? 1968ರಲ್ಲಿ ಸರ್ಕಾರ ವಾರ್ಸಾದಲ್ಲಿ ಈ ನಾಟಕದ ಪ್ರದರ್ಶನವನ್ನು ನಿಲ್ಲಿಸಿದಾಗ ವಿದ್ಯಾರ್ಥಿಗಳು ಬೀದಿಗಿಳಿದರೆಂದಮೇಲೆ ಆ ಕಲ್ಪನೆಯ ಪ್ರಾಣಶಕ್ತಿ ಸಾಮಾನ್ಯವಾದುದಲ್ಲ. ಆದರೆ ಶಿಲುಬೆಗೇರಿದವನು ನಿಷ್ಪಾಪಿ. ಅವನು ಒಪ್ಪಿಕೊಳ್ಳಬೇಕಾದ ತಪ್ಪೇ ಇಲ್ಲ. ಅದೇ ಪೋಲೆಂಡಿನ ಜಮೀನುದಾರರ ಕೈಕೆಳಗೆ ತಲೆತಲಾಂತರದಿಂದ ಜೀತಕ್ಕೆ ಸಿಕ್ಕಿದ್ದ ರೈತನ ಗಾಯಕ್ಕೆ ಆ ಪವಿತ್ರ ಶರೀರದಲ್ಲಿ ಸ್ಥಳವೆಲ್ಲಿ? ದೇಶಮೂರ್ತಿ ಸಂಪೂರ್ಣ ನಿರ್ದೋಷಿಯಾದ ಕ್ಷಣದಿಂದ ಅವಳ ಹೆಸರಿನಲ್ಲಿ ಇತರರಿಗೆ ಕೊಟ್ಟ ನೋವು ಕಣ್ಣಿಗೆ ಕಾಣದಂತಾಗುತ್ತದೆಂಬ ಭಯ ನನ್ನನ್ನು ಬಿಡದು.

ಬಿ. ಎಂ. ಶ್ರೀಕಂಠಯ್ಯನವರು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದ, ಪ್ರಾಚೀನ ಗ್ರೀಕ್ ಕವಿ ಈಸ್ಕಿಲಸನ ನಾಟಕದಲ್ಲಿ ಬೇರೊಂದು ದಾರಿಯಿದೆ. ಪಾರಸಿಕರ ರಾಜಮಾತೆ ಕನಸಿನಲ್ಲಿ ಇಬ್ಬರು ಸ್ತ್ರೀಯರನ್ನು ಕಾಣುತ್ತಾಳೆ. ಒಬ್ಬಳು ಪಾರಸಿಕ ಉಡುಗೆಯವಳು, ಇನ್ನೊಬ್ಬಳು ಗ್ರೀಕ್ ಉಡುಗೆಯವಳು, ಇಬ್ಬರೂ ಒಂದೇ ಕುಲದ ಅಕ್ಕತಂಗಿಯರು. ಮಗ ಕ್ಸರ್ಕ್ಸಸ್ ಇಬ್ಬರನ್ನೂ ರಥಕ್ಕೆ ಹೂಡುತ್ತಾನೆ. ಒಬ್ಬಳು ಹೆಮ್ಮೆಯಿಂದ ನೊಗಕ್ಕೆ ಕೊರಳೊಡ್ಡುತ್ತಾಳೆ, ಮತ್ತೊಬ್ಬಳು ನೊಗವನ್ನೇ ಮುರಿಯುತ್ತಾಳೆ. ಕವಿ ಸ್ವತಃ ಮ್ಯಾರಥಾನಿನ ಯುದ್ಧದಲ್ಲಿ ಪಾರಸಿಕರೊಡನೆ ಕಾದಿದವನು. ಪ್ರೇಕ್ಷಕರಲ್ಲಿ ಅನೇಕರು ಎಂಟೇ ವರ್ಷದ ಹಿಂದೆ ಅದೇ ಶತ್ರು ಅಥೆನ್ಸನ್ನು ಸುಟ್ಟುದನ್ನು ಕಂಡವರು. ಅಂಥವರ ಮುಂದೆ ಅವನು ಶತ್ರುವಿನ ರಾಜಧಾನಿಯನ್ನು, ಸತ್ತ ಶತ್ರುಗಳ ಹೆಸರುಗಳನ್ನು, ಅವರಿಗಾಗಿ ಎದೆ ಬಡಿದುಕೊಳ್ಳುವ ವೃದ್ಧರನ್ನು ರಂಗಕ್ಕೆ ತಂದನು. ಅಥೆನ್ಸಿನ ತೀರ್ಪುಗಾರರು ಆ ವರ್ಷದ ಪ್ರಥಮ ಬಹುಮಾನವನ್ನು ಅವನಿಗೇ ಕೊಟ್ಟರು.