ಮುಳುಗದ ಹಡಗಿನ ಚಿತ್ರ

ಬೇಸಿಗೆ ರಜೆ ಬಂತೆಂದರೆ ನಮ್ಮಲ್ಲಿ ಅನೇಕರು ಮೇಯ್ನ್ ರಾಜ್ಯದ ಕಡಲ ತೀರಕ್ಕೆ ಹೊರಡುತ್ತೇವೆ. ಚಿತ್ರಾನ್ನ, ಮೊಸರನ್ನದ ಡಬ್ಬಿಗಳ ಜೊತೆಗೆ ಕ್ಯಾಮೆರಾ ಇದ್ದೇ ಇರುತ್ತದೆ. ಪೋರ್ಟ್‌ಲ್ಯಾಂಡ್ ಹೆಡ್ ದೀಪಸ್ತಂಭದ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹತ್ತಾರು ಚಿತ್ರ ತೆಗೆಯುತ್ತೇವೆ. ಊರಿಗೆ ಹೋದಾಗ ಕಾಪುವಿನ ದೀಪಸ್ತಂಭದ ಎದುರು ನಾವು ಮಾಡುವುದೂ ಇದನ್ನೇ.

ಈ ಸಲ ಮನೆಗೆ ಬಂದು ಚಿತ್ರಗಳನ್ನು ನೋಡುವಾಗ ಒಂದು ಪ್ರಶ್ನೆ ಕಾಡಿತು. ಗೋಪುರವಿದೆ, ಬಂಡೆಯಿದೆ, ನಗುವ ನಾವಿದ್ದೇವೆ. ದೀಪ ಮಾಡಿದ ಕೆಲಸ ಈ ಚಿತ್ರದಲ್ಲಿ ಎಲ್ಲಿದೆ?

ಪೋರ್ಟ್‌ಲ್ಯಾಂಡ್ ಹೆಡ್‌ನ ದೀಪ ಮೊದಲು ಬೆಳಗಿದ್ದು 1791ರ ಜನವರಿಯಲ್ಲಿ, ತಿಮಿಂಗಿಲದ ಎಣ್ಣೆಯಿಂದ. 1989ರಲ್ಲಿ ಅದು ಸ್ವಯಂಚಾಲಿತವಾಯಿತು. ಅದಕ್ಕೆ ಮೊದಲು ಯಾರಾದರೂ ಅಲ್ಲೇ ಇದ್ದು ಅದನ್ನು ಕಾಯಬೇಕಾಗಿತ್ತು. ಇದೇ ರಾಜ್ಯದ ಮಟಿನಿಕಸ್ ಬಂಡೆಯಲ್ಲಿ 1856ರ ಜನವರಿಯಲ್ಲಿ ದೀಪಪಾಲಕರು ಸಾಮಾನು ತರಲು ಹೋದಾಗ ಬಿರುಗಾಳಿ ಎದ್ದಿತು. ನಾಲ್ಕು ವಾರ ಅವರಿಗೆ ಹಿಂದಿರುಗಲಾಗಲಿಲ್ಲ. ಮನೆಯಲ್ಲಿ ಕಾಯಿಲೆಯ ತಾಯಿ, ಪುಟ್ಟ ತಂಗಿಯರು. ಅಲೆಗಳು ಹಳೆಯ ಮನೆಯನ್ನೇ ಕೊಚ್ಚಿಕೊಂಡು ಹೋದವು. ಹದಿನಾರು ವರ್ಷದ ಮಗಳು ಆ್ಯಬಿ ಬರ್ಜೆಸ್ ಎಲ್ಲರನ್ನೂ ಗೋಪುರದೊಳಗೆ ಸೇರಿಸಿದಳು. ಎರಡು ಗೋಪುರಗಳ 28 ದೀಪಗಳನ್ನು ಒಂದು ರಾತ್ರಿಯೂ ತಪ್ಪದೆ ಬೆಳಗಿದಳು.

ಆ ರಾತ್ರಿಗಳಲ್ಲಿ ಯಾವ ಹಡಗು ಆ ಬೆಳಕು ಕಂಡು ದೂರ ಸರಿಯಿತೋ ಬಲ್ಲವರಿಲ್ಲ. ಮುಳುಗಿದ ಹಡಗಿಗೆ ಹೆಸರುಂಟು, ತಾರೀಖುಂಟು. ಮುಳುಗದೆ ಉಳಿದದ್ದಕ್ಕೆ ದಾಖಲೆಯಿಲ್ಲ. ಒಳ್ಳೆಯ ಕಾವಲಿನ ಫಲವೆಂದರೆ ಏನೂ ಆಗದಿರುವುದು. ಅದರ ಚಿತ್ರ ತೆಗೆಯುವುದು ಹೇಗೆ?

ನಮ್ಮ ವೃತ್ತಿಯಲ್ಲಿ ಇದರ ಅನುಭವ ನಮಗಾಗಿದೆ. ರೆಸಿಡೆನ್ಸಿಯ ದಿನಗಳಲ್ಲಿ ಒಮ್ಮೆ, ಬೆಳಗಿನ ಜಾವ ಮೂರು ಗಂಟೆಗೆ, ನಿದ್ದೆಗಣ್ಣಿನಲ್ಲಿ ನಾವು ಬರೆದ ಔಷಧಿಯ ಪ್ರಮಾಣದಲ್ಲಿ ದಶಮಾಂಶದ ಚುಕ್ಕೆ ಒಂದು ಸ್ಥಾನ ಆಚೆ ಬಿದ್ದಿತ್ತು. ವಾರ್ಡಿನ ಹಿರಿಯ ನರ್ಸ್ ಫೋನು ಮಾಡಿ, "ಡಾಕ್ಟರೇ, ಇದನ್ನು ಇನ್ನೊಮ್ಮೆ ನೋಡುವಿರಾ?" ಎಂದರು. ನೋಡಿದೆವು, ತಿದ್ದಿದೆವು. ರೋಗಿ ಗುಣವಾಗಿ ಮನೆಗೆ ಹೊರಟಾಗ ನಮ್ಮ ಕೈ ಹಿಡಿದು ಕೃತಜ್ಞತೆ ಹೇಳಿದರು. ನಾವು ಅದನ್ನು ಸ್ವೀಕರಿಸಿದೆವು. ಆ ನರ್ಸಿಗೆ ಮಾತ್ರ ನಾವು ಒಂದು ಮಾತೂ ಹೇಳಲಿಲ್ಲ. ಅವರ ಹೆಸರೂ ಇಂದು ನೆನಪಿಲ್ಲ.

ಫಲಾಪೇಕ್ಷೆಯಿಲ್ಲದ ಕರ್ಮವೇ ಶ್ರೇಷ್ಠವೆಂದು ಕೇಳುತ್ತಲೇ ಬೆಳೆದವರು ನಾವು. ಹಾಗಾದರೆ ಆಕೆಗೆ ನಮ್ಮ ಕೃತಜ್ಞತೆ ಬೇಕಿರಲಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಳ್ಳುವುದು ಸುಲಭ. ಆದರೆ ಆ ಉಪದೇಶ ಕರ್ಮ ಮಾಡುವವರಿಗೆ ಹೇಳಿದ್ದು, ಫಲ ಉಂಡವರಿಗಲ್ಲ. ಬಯಸದಿರುವುದು ಅವರ ಧರ್ಮ. ನೆನೆಯುವುದು ನಮ್ಮ ಧರ್ಮ. ಅವರ ನಿಸ್ಪೃಹತೆಯಿಂದ ನಮ್ಮ ಋಣ ತೀರುವುದಿಲ್ಲ.

ಚಿತ್ರ ತೆಗೆಯುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಚೆಲುವನ್ನು ಕಂಡು ಸಂತೋಷಪಡುವುದು ಸಹಜ. ಆದರೆ ಮುಂದಿನ ಸಲ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಮೊದಲು, ಅಲ್ಲಿ ದೀಪ ಕಾದವರ ಕಥೆಯನ್ನೂ ಹೇಳೋಣ.

ಇನ್ನೊಂದು ಮಾತು. ನಮ್ಮ ಯುಗಾದಿ ಊಟ ಮುಗಿದು, ಎಲ್ಲರೂ ಕಾರು ಹತ್ತಿದ ಮೇಲೆ, ಸಭಾಂಗಣ ಗುಡಿಸಿ ಕೊನೆಗೆ ಬೀಗ ಹಾಕುವವರು ಯಾರು? ನಮ್ಮ ಗ್ರೂಪ್ ಫೋಟೋಗಳಲ್ಲಿ ಅವರು ಇರುವುದು ಕಡಿಮೆ. ಈ ಸಲ ಅವರ ಹೆಸರನ್ನು ಕೇಳಿ ತಿಳಿದುಕೊಳ್ಳೋಣ.