ವಾಕ್ ಸ್ವಾತಂತ್ರ್ಯವೂ ಮೌನವ್ರತವೂ

ಉಪವಾಸವು ತಪಸ್ಸು. ಆದರೆ ತನ್ನನ್ನು ಆಶ್ರಯಿಸಿದ ಆಳಿಗಾಗಲಿ ಎತ್ತಿಗಾಗಲಿ ಹೊತ್ತಿಗೆ ಸರಿಯಾಗಿ ಆಹಾರ ನೀರುಗಳನ್ನು ಕೊಡದಿರುವುದು ತಪಸ್ಸಲ್ಲ. ಅದನ್ನು ಆಚಾರ್ಯರು ಅನ್ನಪಾನನಿರೋಧವೆಂದು ಕರೆದು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಹಸಿವು ಎರಡು ಕಡೆಯೂ ಒಂದೇ. ಒಂದು ತಾನಾಗಿ ಕೈಗೊಂಡದ್ದು, ಇನ್ನೊಂದು ಪರರ ಮೇಲೆ ಹೊರಿಸಿದ್ದು. ಮಾತಿನ ವಿಷಯದಲ್ಲಿಯೂ ಈ ಭೇದವನ್ನು ವಿವೇಕಿಗಳಾದ ಶ್ರಾವಕರು ಗಮನಿಸಬೇಕು.

ನಮ್ಮ ಸಂವಿಧಾನದ 19ನೆಯ ಅನುಚ್ಛೇದವು ನಾಗರಿಕರಿಗೆ ವಾಕ್ ಸ್ವಾತಂತ್ರ್ಯವನ್ನಿತ್ತು, ಅಲ್ಲಿಯೇ ಮಾನಹಾನಿ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗಾಗಿ ಯುಕ್ತವಾದ ನಿರ್ಬಂಧಗಳಿಗೂ ಎಡೆಮಾಡಿದೆ. ಶ್ರಾವಕನಿಗೆ ಇದು ಹೊಸತೆಂದು ತೋರದು. ಸ್ಥೂಲವಾದ ಅಸತ್ಯವನ್ನಷ್ಟೇ ಅಲ್ಲ, ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪದೇಶಿಸಿದ್ದಾರೆ. ಆದರೆ ಈ ಉಪದೇಶವು ಆಡುವವನ ನಾಲಗೆಗೆ. ಇದನ್ನೇ ಹಿಡಿದುಕೊಂಡು ನೆರೆಯವನ ಬಾಯಿಗೆ ಬೀಗ ಹಾಕಲು ಹೊರಡುವವರೇ ಲೋಕದಲ್ಲಿ ಹೆಚ್ಚು. ತನಗೆ ಅಪ್ರಿಯವಾದುದನ್ನೆಲ್ಲ ವಿಪತ್ತೆಂದು ಕರೆಯುವುದು ಬಹು ಸುಲಭ. ಬೇಟೆಗಾರನಿಗೆ ಜಿಂಕೆ ಓಡಿದ ದಾರಿಯನ್ನು ತೋರಿಸದಿರುವುದು ಒಂದು. ಬಸದಿಯ ಲೆಕ್ಕಪತ್ರವನ್ನು ಕೇಳಿದವನನ್ನು ಧರ್ಮದ್ರೋಹಿಯೆಂದು ಸುಮ್ಮನಿರಿಸುವುದು ಬೇರೊಂದು.

ಬಾಯಿ ಕಟ್ಟುವುದಕ್ಕೆ ದ್ವೇಷವೇ ಬೇಕೆಂದಿಲ್ಲ, ಪ್ರಮಾದವೂ ಸಾಕು. ಇದಕ್ಕೆ ದೂರ ಹೋಗಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಕ್ಷೇತ್ರದಿಂದ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳು ಬಂದವು. ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಒಂದೇ ಮತದ ಅಂತರ! ಸೋತ ಅಭ್ಯರ್ಥಿಯ ಕಾರಿನ ಚಾಲಕನಿಗೆ ಅಂದು ಕೆಲಸದ ನಡುವೆ ಮತ ಹಾಕಲು ಬಿಡುವು ದೊರೆಯಲಿಲ್ಲವೆಂಬ ಸಂಗತಿ ಬಳಿಕ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಮತ ನೀಡುವುದೂ ಅಭಿವ್ಯಕ್ತಿ ಸ್ವಾತಂತ್ರ್ಯದ ಒಂದು ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಹೇಳಿತು. ಹಾಗಿದ್ದಮೇಲೆ, ಅಂದು ಆಡದೆ ಉಳಿದದ್ದು ಒಂದು ಮಾತೇ. ಯಾರೂ ಬೇಕೆಂದು ಅದನ್ನು ತಡೆದಿರಲಾರರು. ಚುನಾವಣೆಯ ದಿನದ ಗಡಿಬಿಡಿ ಎಲ್ಲರಿಗೂ ಗೊತ್ತಿರುವುದೇ. ಆದರೆ ಹಿಂಸೆಯ ಮೂಲದಲ್ಲಿ ಪ್ರಮಾದವನ್ನು ಕಂಡ ಉಮಾಸ್ವಾಮಿಗಳ ಸೂತ್ರವನ್ನು ಓದಿದವರಿಗೆ, ಬೇಕೆಂದು ಮಾಡಲಿಲ್ಲವೆಂಬ ಸಮಾಧಾನವು ಪೂರ್ತಿಯಾಗಿ ಒಪ್ಪಿಗೆಯಾಗದು. 2008ರಲ್ಲಿ ಕ್ಷೇತ್ರಗಳ ಪುನರ್ವಿಂಗಡಣೆಯಾಗಿ ಆ ಕ್ಷೇತ್ರವೇ ಇಲ್ಲವಾಯಿತು. ಒಂದು ಮತದ ಮಾತು ಮಾತ್ರ ಉಳಿದಿದೆ.

ಒಡೆಯನ ಮುಂದೆ ಆಳು, ಹಿರಿಯರ ಮುಂದೆ ಸೊಸೆ, ಉಪಾಧ್ಯಾಯನ ಮುಂದೆ ಬಾಲಕ – ಇವರೆಲ್ಲರ ಮೌನವನ್ನು ನಾವು ವಿನಯವೆಂದೇ ಎಣಿಸುತ್ತ ಬಂದಿದ್ದೇವೆ. ಕೆಲವು ಮನೆಗಳಲ್ಲಿ ಯಜಮಾನರು ಮೌನವ್ರತ ಹಿಡಿದ ದಿನ ಹೂಂಕಾರದಿಂದಲೇ ಮನೆಯನ್ನೆಲ್ಲ ಆಳುವುದುಂಟು! ಅವರ ಮೌನಕ್ಕೂ ಮಾತಿದೆ. ಉಳಿದವರ ಮಾತಿಗೂ ಬೆಲೆಯಿಲ್ಲ.

ದಶಲಕ್ಷಣ ಪರ್ವ ಬಂದಾಗ ಇದು ಬರಿಯ ವಾದವಾಗಿ ಉಳಿಯುವುದಿಲ್ಲ. ಹತ್ತು ದಿನದ ಉಪವಾಸವನ್ನು ಹಿಡಿದ ಹುಡುಗಿಯೊಬ್ಬಳಿಗೆ ಆರನೆಯ ದಿನ ತಲೆ ಸುತ್ತುತ್ತದೆ. ಬಂಧುಗಳಿಗೆ ಹೇಳಿಕಳುಹಿಸಿಯಾಗಿದೆ, ಪಾರಣೆಯ ದಿನದ ಸಿದ್ಧತೆಯೂ ನಡೆದಿದೆ. ತನ್ನಿಂದಾಗದೆಂದು ಹೇಳಿದರೆ ಮನೆತನದ ಹೆಸರೇನಾದೀತೆಂಬ ಭಯದಿಂದ ಅವಳು ತುಟಿ ಬಿಚ್ಚುವುದಿಲ್ಲ. ಷೋಡಶಕಾರಣ ಭಾವನೆಗಳಲ್ಲಿ ತಪವನ್ನು ಹೇಳುವಾಗ ಶಕ್ತಿಗನುಸಾರವಾಗಿ ಎಂಬ ವಿಶೇಷಣವನ್ನು ಸೇರಿಸಿಯೇ ಹೇಳಿದೆ. ಅವಳ ಶಕ್ತಿ ಎಷ್ಟೆಂಬುದನ್ನು ಅವಳಲ್ಲದೆ ಆ ಮನೆಯಲ್ಲಿ ಇನ್ನಾರು ಹೇಳಬಲ್ಲರು?