ಗಾಳಿ ಬೇಡುವವರೇ, ಗೂಟ ಹೊಡೆಯಿರಿ

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ಯೆಶಾಯ 54:2, ಅರಣ್ಯಕಾಂಡ 4:29–33, ಅಪೊಸ್ತಲರ ಕೃತ್ಯಗಳು 2:42

ಎಲ್ಲರೂ ಕೂತ್ಕೊಳ್ಳಿ. ಪಕ್ಕದಲ್ಲಿ ಇರುವವರನ್ನು ಒಂದು ಪ್ರಶ್ನೆ ಕೇಳಿ: "ನಿಮ್ಮ ಗೂಟ ಗಟ್ಟಿ ಇದೆಯಾ?" ನಗ್ತಾ ಇದ್ದೀರಿ. ನಗಿ. ಈ ಪ್ರಶ್ನೆ ಮೊದಲು ಬಂದದ್ದು ನನಗೇ.

ನನ್ನ ಹಿಂದೆ ಇರುವ ಬ್ಯಾನರ್ ನೋಡಿ. ಈ ವರ್ಷ ನಮ್ಮ ಸಭೆಗೆ ಬಂದ ವಾಗ್ದಾನ, ಯೆಶಾಯ 54:2. ಗುಡಾರದ ಸ್ಥಳವನ್ನು ದೊಡ್ಡದು ಮಾಡಬೇಕು, ಪರದೆಗಳನ್ನು ಹರಡಬೇಕು ಅನ್ನುವ ಮಾತು ದಪ್ಪ ಅಕ್ಷರದಲ್ಲಿದೆ. ಆದರೆ ಬೈಬಲ್ ತೆಗೆದು ನೋಡಿ, ವಚನ ಅಲ್ಲಿಗೆ ಮುಗಿಯುವುದಿಲ್ಲ. ಹಗ್ಗಗಳನ್ನು ಉದ್ದ ಮಾಡಿ ಗೂಟಗಳನ್ನು ಬಲಪಡಿಸಬೇಕು ಅಂತ ಪ್ರವಾದಿ ಹೇಳುತ್ತಾನೆ. ಅದು ಬ್ಯಾನರ್‌ನಲ್ಲಿ ಯಾಕಿಲ್ಲ? ಡಿಸೆಂಬರ್‌ನಲ್ಲಿ ಡಿಸೈನ್ ಮಾಡುವ ಹುಡುಗ ಫೋನ್ ಮಾಡಿ, "ಪಾಸ್ಟರ್, ಜಾಗ ಸಾಲ್ತಿಲ್ಲ, ಗೂಟದ್ದು ಬಿಡ್ಲಾ?" ಅಂದ. "ಬಿಡಪ್ಪಾ, ಮುಖ್ಯವಾದದ್ದು ಬಂತಲ್ಲ" ಅಂದೆ. ತಪ್ಪು ನನ್ನದು.

ಈಗ ನಮ್ಮ ಹಿತ್ತಲಿನ ಕಥೆಗೆ ಬರೋಣ. ಶುಕ್ರವಾರದ ಯೂತ್ ಸೆಲ್ ನಮ್ಮ ಬಾಡಿಗೆ ಮನೆ ಹಿತ್ತಲಲ್ಲಿ ನಡೆಯುತ್ತೆ. ಹುಡುಗರು ದುಡ್ಡು ಹಾಕಿ ಒಂದು ಮಡಚುವ ಗೆಜೆಬೋ ತಂದರು. ಹತ್ತು ಅಡಿಗೆ ಹತ್ತು ಅಡಿ, ಸುಮಾರು 20 ಕೆಜಿ. ಐದು ನಿಮಿಷದಲ್ಲಿ ನಿಂತುಬಿಡ್ತು. ನಾನು ಒಂದೊಂದು ಕಾಲಿನ ಪಾದದ ಮೇಲೆ ಒಂದೊಂದು ಹಾಲೋ ಬ್ಲಾಕ್ ಇಟ್ಟೆ. ನನ್ನ ಹೆಂಡತಿ, "ಅದನ್ನ ಕಟ್ಟಿ, ಗಾಳಿ ಕಾಲ ಇದು" ಅಂದಳು. ನಾನು ಏನಂದೆ ಗೊತ್ತಾ? "ಕರ್ತನು ಕಾಯ್ತಾನೆ ಬಿಡು."

ಮೇ ತಿಂಗಳ ಬೆಂಗಳೂರು ನಿಮಗೆ ಗೊತ್ತಲ್ಲ. ಸಂಜೆ ಮೊದಲು ಧೂಳು ಏಳುತ್ತೆ, ಆಮೇಲೆ ಗಾಳಿ, ಆಮೇಲೆ ಮಳೆ. ಗಾಳಿ ಬಟ್ಟೆಯ ಕೆಳಗೆ ಹೊಕ್ಕಿತು. ನೂರು ಚದರ ಅಡಿ ಬಟ್ಟೆ ಅಂದರೆ ಅದು ಚಾವಣಿ ಅಲ್ಲ, ಹಾಯಿ. ಗಾಳಿಯ ವೇಗ ಎರಡರಷ್ಟಾದರೆ ಅದರ ತಳ್ಳುವ ಬಲ ನಾಲ್ಕರಷ್ಟಾಗುತ್ತೆ. ನಾನು ಕಿಟಕಿಯಿಂದ ನೋಡ್ತಾ ಇದ್ದಂತೆ ಗೆಜೆಬೋ ಎದ್ದು, ಕಾಂಪೌಂಡ್ ದಾಟಿ, ಪಕ್ಕದ ಮನೆ ಅಂಗಳಕ್ಕೆ ಬಿತ್ತು. ಅಲ್ಲಿ ಪ್ರತಿ ಸಂಜೆ ಒಬ್ಬ ಅಜ್ಜಿ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸ್ತಾರೆ. ಅವತ್ತು ಒಣಗಿದ ಬಟ್ಟೆ ಒಳಗೆ ಇಡೋಕೆ ಎದ್ದು ಹೋಗಿದ್ದರು. ಕಬ್ಬಿಣದ ಕಾಲು ಕುರ್ಚಿಯನ್ನು ಎರಡು ಹೋಳು ಮಾಡಿತ್ತು.

ಕ್ಷಮೆ ಕೇಳೋಕೆ ಹೋದೆ. ಅಜ್ಜಿ ಬೈಯಲಿಲ್ಲ. "ಅಷ್ಟು ಜೋರಾಗಿ ಪ್ರಾರ್ಥನೆ ಮಾಡ್ತೀರ, ಒಂದು ಹಗ್ಗ ಕಟ್ಟೋಕೆ ಆಗ್ಲಿಲ್ವಾ ಅಪ್ಪಾ?" ಅಂದರು. ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮತ್ತಾಯ 4ರಲ್ಲಿ ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಧುಮುಕು, ದೂತರು ಹಿಡಿಯುತ್ತಾರೆ ಅಂದ. ಯೇಸು ಧುಮುಕಲಿಲ್ಲ. ಅದು ದೇವರನ್ನು ಪರೀಕ್ಷಿಸುವುದು ಅಂದನು. ಪ್ರಿಯರೇ, ಕಟ್ಟದೆ ಬಿಟ್ಟು "ಕರ್ತನು ಕಾಯ್ತಾನೆ" ಅನ್ನುವುದು ನಂಬಿಕೆ ಅಲ್ಲ. ಅದು ಸೋಮಾರಿತನಕ್ಕೆ ವಾಕ್ಯದ ಬಟ್ಟೆ ತೊಡಿಸುವುದು.

ಮಾರನೇ ದಿನ ಹಿತ್ತಲಿಗೆ ಹೋದರೆ ಒಂದು ದೃಶ್ಯ. ಗೆಜೆಬೋ ಇಲ್ಲ. ಆದರೆ ನಾಲ್ಕು ಬ್ಲಾಕ್ ನಾನು ಇಟ್ಟಲ್ಲೇ ಇದ್ದವು! ಭಾರ ಇತ್ತು, ಹತ್ತಿರವೇ ಇತ್ತು. ಆದರೆ ಕಟ್ಟಿರಲಿಲ್ಲ. ಯೌವನಸ್ಥರೇ, ಫೋನಿನಲ್ಲಿ ಬೈಬಲ್ ಆಪ್ ಇದೆ, ಭಾನುವಾರ ಸಭೆ ಇದೆ, ಕಿವಿಯಲ್ಲಿ ಆರಾಧನೆಯ ಹಾಡು ಇದೆ. ಎಲ್ಲಾ ಪಕ್ಕದಲ್ಲೇ ಇದೆ. ಪಕ್ಕದಲ್ಲಿ ಇರುವುದು ಬೇರೆ, ಕಟ್ಟಿರುವುದು ಬೇರೆ.

ನಮ್ಮ ಬೀದಿಯ ಶಾಮಿಯಾನದವರನ್ನು ಕರೆದೆ. ಅವರು ಬಂದು ಕಲಿಸಿದರು. ಗೂಟದ ತಲೆ ಗುಡಾರದ ಕಡೆಗೆ ಬಾಗಿರಬಾರದು, ಆಚೆ ಕಡೆಗೆ ಬಾಗಿರಬೇಕು. ಹಗ್ಗ ಗೂಟದ ತುದಿಗಲ್ಲ, ನೆಲದ ಹತ್ತಿರ ಬಿಗಿಯಬೇಕು. ಮಣ್ಣು ಸಡಿಲ ಇದ್ದರೆ ಮರಳು ತುಂಬಿದ ಬಕೆಟ್ಟನ್ನು ಕಾಲಿಗೆ ಕಟ್ಟಬೇಕು. 20 ಲೀಟರ್ ನೀರು 20 ಕೆಜಿ, ಅಷ್ಟೇ ಮರಳು 30 ಕೆಜಿ ದಾಟುತ್ತೆ. ಮಳೆ ಬಂದು ಹೋದ ಮೇಲೆ ಪ್ರತಿ ಗೂಟವನ್ನೂ ಅಲ್ಲಾಡಿಸಿ ನೋಡಬೇಕು. ಮೋಡ ಕಪ್ಪಾದರೆ ಬಟ್ಟೆಯನ್ನೇ ಇಳಿಸಿಬಿಡಬೇಕು. ಕೊನೆಗೆ ಅವರು ಹೇಳಿದ್ದು: "ಮೂರು ಮೂಲೆ ಕಟ್ಟಿ ಒಂದು ಬಿಟ್ಟರೆ, ಗಾಳಿ ಆ ಒಂದನ್ನೇ ಹುಡುಕುತ್ತೆ ಸಾರ್."

ಅರಣ್ಯಕಾಂಡ 4ನೇ ಅಧ್ಯಾಯ ತೆಗೆಯಿರಿ. ದೇವದರ್ಶನದ ಗುಡಾರ ಹೊರಟಾಗ ಮಂಜೂಷವನ್ನು ಹೊತ್ತವರು ಕೆಹಾತ್ಯರು. ಪರದೆಗಳನ್ನು ಹೊತ್ತವರು ಗೇರ್ಷೋನ್ಯರು. ಗೂಟ, ಹಗ್ಗ, ಕಂಬ, ಚೌಕಟ್ಟು? ಮೆರಾರೀಯರು. ನಮ್ಮಲ್ಲಿ ಯಾರಾದರೂ ಮಗುವಿಗೆ ಮೆರಾರೀ ಅಂತ ಹೆಸರಿಟ್ಟಿದ್ದೀವಾ? ಆದರೆ 32ನೇ ವಚನ ನೋಡಿ. ಅವರು ಹೊರಬೇಕಾದ ಸಾಮಾನುಗಳನ್ನು ಹೆಸರು ಹೆಸರಾಗಿ ಗೊತ್ತುಮಾಡಬೇಕು ಅಂತ ಇದೆ. ದೇವರು ಗೂಟದ ಲೆಕ್ಕ ಇಡುತ್ತಾನೆ! ಒಂದು ಗೂಟ ಹಿಂದಿನ ಪಾಳೆಯದಲ್ಲಿ ಮರೆತರೆ, ಮುಂದಿನ ಪಾಳೆಯದಲ್ಲಿ ಪರದೆ ನಿಲ್ಲಲ್ಲ. ಹಲ್ಲೆಲೂಯಾ.

ಈಗ ಹೇಳುವುದು ಕಷ್ಟದ ಮಾತು. ಆ ತಮ್ಮನ ಅನುಮತಿ ತಗೊಂಡೇ ಹೇಳ್ತಿದ್ದೇನೆ. ನಮ್ಮಲ್ಲಿ ಗಿಟಾರ್ ನುಡಿಸುತ್ತಿದ್ದ ಒಬ್ಬ ಯೌವನಸ್ಥ ಇದ್ದ. ಸಭೆಗೆ ಬಂದ ಮೂರನೇ ವಾರಕ್ಕೇ ಅವನನ್ನು ವೇದಿಕೆಗೆ ಹತ್ತಿಸಿದೆ. ವರಗಳಿದ್ದವು, ನಾವು ಬೆಳೀತಾ ಇದ್ದೆವು, ಪರದೆ ಹರಡುತ್ತಿತ್ತು. ಫೆಬ್ರವರಿಯಲ್ಲಿ ಅವನ ಕೆಲಸ ಹೋಯಿತು. ಬರೋದು ನಿಂತ. ಗಿಟಾರ್‌ಗೆ ಬೇರೆಯವರು ಸಿಕ್ಕರು. ನನಗೆ ಅವನ ನೆನಪಾದದ್ದು ಯಾವಾಗ? ಗೆಜೆಬೋ ಹಾರಿದ ರಾತ್ರಿ. ಹೋದ ಮಂಗಳವಾರ ವಿಳಾಸ ಹುಡುಕಿಕೊಂಡು ಹೋದೆ. ಟೀ ಮಾಡಿ ಕೊಟ್ಟ. "ಪಾಸ್ಟರ್, ನನ್ನ ಹೆಸರು ಸಭೇಲಿ ಎಲ್ರಿಗೂ ಗೊತ್ತಿತ್ತು. ನನ್ನ ರೂಮ್ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ" ಅಂದ.

ಅವನಿಗೆ ಮೈಕ್ ಕೊಟ್ಟೆ, ಗೂಟ ಕೊಡಲಿಲ್ಲ. ಅವನು ಇವತ್ತು ಇಲ್ಲಿ ಇಲ್ಲ. ಬರ್ತೀನಿ ಅಂತಾನೂ ಹೇಳಿಲ್ಲ. ನಾನು ಪ್ರತಿ ಮಂಗಳವಾರ ಹೋಗ್ತೀನಿ, ಅಷ್ಟೇ.

ನಾವು ಪೆಂತೆಕೊಸ್ತಿನವರು. ಪ್ರತಿ ಭಾನುವಾರ ಬೇಡುವುದೇ ಗಾಳಿಯನ್ನು. ಕೃತ್ಯಗಳು 2ನೇ ಅಧ್ಯಾಯ ಬಿರುಗಾಳಿಯಂಥ ಶಬ್ದದಿಂದ ಶುರುವಾಗುತ್ತೆ, ಆಮೆನ್? ಅದೇ ಅಧ್ಯಾಯದ 42ನೇ ವಚನಕ್ಕೆ ಬನ್ನಿ. ದೀಕ್ಷಾಸ್ನಾನ ಹೊಂದಿದ ಮೂರು ಸಾವಿರ ಜನ ಏನು ಮಾಡಿದರು? ಅಪೊಸ್ತಲರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಎಣಿಸಿ. ನಾಲ್ಕು! ನಾಲ್ಕು ಮೂಲೆಗೆ ನಾಲ್ಕು ಗೂಟ. ಗಾಳಿ ಬಂದ ದಿನವೇ ಗೂಟ ಹೊಡೆದರು. ಅದಕ್ಕೇ ಆ ಸಭೆ ಹಾರಿಹೋಗಲಿಲ್ಲ.

ನಿಮ್ಮ ಯಾವ ಮೂಲೆ ಸಡಿಲ ಇದೆ? ಪ್ರಾರ್ಥನೆ ಮಾಡ್ತೀರಿ, ಆದರೆ ಒಂದು ಅಧ್ಯಾಯ ಪೂರ್ತಿ ಓದಿ ಎಷ್ಟು ದಿನ ಆಯ್ತು? ವಾಕ್ಯ ಗೊತ್ತು, ಆದರೆ ನಿಮ್ಮ ಸಾಲ, ನಿಮ್ಮ ರಾತ್ರಿಯ ಫೋನು, ನಿಮ್ಮ ಭಯ ಇವೆಲ್ಲ ಗೊತ್ತಿರುವ ಒಬ್ಬರಾದರೂ ಈ ಸಭೆಯಲ್ಲಿ ಇದ್ದಾರಾ? ಕೆಲವರಿಗೆ ಇವತ್ತು ಆತ್ಮನು ಹೇಳುವುದು ಬೇರೆ ಇರಬಹುದು: ಸ್ವಲ್ಪ ದಿನ ಪರದೆ ಇಳಿಸು, ವೇದಿಕೆಯಿಂದ ಇಳಿ, ಕೂತು ಉಣ್ಣು. ಅದು ಸೋಲಲ್ಲ. ಗಾಳಿ ನಿಂತ ಮೇಲೆ ಮತ್ತೆ ಹಾಕೋಣ.

ಈ ವಾರ ಒಂದೇ ಕೆಲಸ. ಎರಡು ತಿಂಗಳಿಂದ ಕಾಣದ ಒಬ್ಬರ ಮನೆ ಹುಡುಕಿ. ಮೆಸೇಜ್ ಬೇಡ, ಹೋಗಿ. ಅವರ ಪಾಲಿಗೆ ಗೂಟ ನೀವಾಗಿ.

ಆರಾಧನೆ ಮುಗಿದ ಮೇಲೆ ಈ ಬ್ಯಾನರ್ ಕೆಳಗೆ ಮಾರ್ಕರ್‌ನಲ್ಲಿ ಬಿಟ್ಟುಹೋದ ಸಾಲನ್ನು ನಾನೇ ಬರೀತೀನಿ. ಅಕ್ಷರ ಚೆನ್ನಾಗಿ ಇರಲ್ಲ. ಪರವಾಗಿಲ್ಲ.

ಎದ್ದು ನಿಲ್ಲೋಣ. ಕಣ್ಣು ಮುಚ್ಚೋಣ. ಕರ್ತನೇ, ನಿನ್ನ ಗಾಳಿ ಬೀಸಲಿ. ಅದಕ್ಕೂ ಮೊದಲು ನಮ್ಮನ್ನು ನಿನಗೆ ಕಟ್ಟು, ನಮ್ಮನ್ನು ಒಬ್ಬರಿಗೊಬ್ಬರು ಕಟ್ಟು. ನಾವು ಕಟ್ಟದೆ ಬಿಟ್ಟವರನ್ನು ನೀನು ಬಿಡಲಿಲ್ಲ, ನಿನಗೆ ಸ್ತೋತ್ರ. ಆ ತಮ್ಮನನ್ನು ನೆನಸು ಕರ್ತನೇ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.